ಕಿವಿಯಿಂದ ಬೇಟೆಯಾಡುವ ಬೆಕ್ಕು: ಆಫ್ರಿಕದ ಸರ್ವಲ್

ಆಫ್ರಿಕದ ವನ್ಯಮೃಗಗಳೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಕೇಸರವುಳ್ಳ ಸಿಂಹ, ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಮಲಗಿದ ಚಿರತೆ, ಬಾಣದಂತೆ ಓಡುವ ಚೀತಾ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದಿಳಿದ ಮೇಲಂತೂ, ಕನ್ನಡದಲ್ಲಿ ಸಿವಂಗಿ ಎಂಬ ಹಳೆಯ ಹೆಸರುಳ್ಳ ಆ ಪ್ರಾಣಿ ಮನೆಮನೆಯ ಮಾತಾಯಿತು. ಆದರೆ ಆಫ್ರಿಕದ ಅದೇ ಹುಲ್ಲುಗಾವಲುಗಳಲ್ಲಿ, ದೊಡ್ಡ ಮೃಗಗಳ ಗದ್ದಲದಿಂದ ದೂರವಾಗಿ, ಎತ್ತರದ ಹುಲ್ಲಿನ ನಡುವೆ ತನ್ನ ಪಾಡಿಗೆ ತಾನು ಬದುಕುತ್ತಿರುವ ಇನ್ನೊಂದು ಬೆಕ್ಕಿದೆ. ಪ್ರವಾಸಿಗರ ಜೀಪುಗಳು ಅದಕ್ಕಾಗಿ ನಿಲ್ಲುವುದು ಅಪರೂಪ. ಅದರ ಹೆಸರು ಸರ್ವಲ್. ಬೇಟೆಯ ಕೌಶಲವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಸಿಂಹಕ್ಕೆ ಸಲ್ಲುವ ಮೃಗರಾಜನೆಂಬ ಬಿರುದನ್ನು ಒಮ್ಮೆ ಮರುಪರಿಶೀಲಿಸಬೇಕಾದೀತು.

ಸರ್ವಲ್‌ನ ಚಿತ್ರವನ್ನು ಮೊದಲ ಬಾರಿಗೆ ನೋಡುವವರು ಸಾಮಾನ್ಯವಾಗಿ ಅದನ್ನು ಚೀತಾದ ಮರಿಯೆಂದೇ ಭಾವಿಸುತ್ತಾರೆ. ಹೊಂಬಣ್ಣದ ಮೈ, ಅದರ ಮೇಲೆ ಕಪ್ಪು ಚುಕ್ಕೆಗಳು, ಕೃಶವಾದ ನಿಲುವು, ಉದ್ದನೆಯ ಕಾಲುಗಳು - ಭ್ರಮೆಗೆ ಬೇಕಾದುದೆಲ್ಲ ಅಲ್ಲಿದೆ. ಆದರೆ ಎರಡನೆಯ ಬಾರಿ ನೋಡಿದಾಗ ವ್ಯತ್ಯಾಸ ತಾನಾಗಿಯೇ ಗೋಚರಿಸುತ್ತದೆ. ಚೀತಾದ ಕಣ್ಣಿನಿಂದ ಬಾಯಿಯವರೆಗೆ ಇಳಿಯುವ ಕಪ್ಪು ಕಣ್ಣೀರಿನ ಗೆರೆ ಇದಕ್ಕಿಲ್ಲ. ಕತ್ತಿನ ಹಿಂಭಾಗದಿಂದ ಹೆಗಲಿನತ್ತ ಚುಕ್ಕೆಗಳು ಒಂದಕ್ಕೊಂದು ಸೇರಿ ಉದ್ದನೆಯ ಪಟ್ಟೆಗಳಾಗಿವೆ. ಬಾಲ ಮಾತ್ರ ಮೋಟು. ದೇಹದ ಉದ್ದದ ಮೂರನೆಯ ಒಂದು ಭಾಗದಷ್ಟಿರುವ ಆ ಬಾಲಕ್ಕೆ ಕಪ್ಪು ಉಂಗುರಗಳು, ತುದಿಯೂ ಕಪ್ಪು. ಓಡುವಾಗ ತಿರುವುಗಳಲ್ಲಿ ಸಮತೋಲ ಕಾಯ್ದುಕೊಳ್ಳಲು ಚೀತಾಕ್ಕೆ ಉದ್ದನೆಯ ಬಾಲ ಬೇಕು. ಸರ್ವಲ್ ಓಟಗಾರನಲ್ಲವಾದುದರಿಂದ ಅದಕ್ಕೆ ಆ ಅಗತ್ಯ ಬೀಳಲಿಲ್ಲವೆನ್ನಬಹುದು.

ಗಾತ್ರದಲ್ಲಿ ಇದು ಮಧ್ಯಮ ವರ್ಗದ ಪ್ರಾಣಿ. ಗಂಡು ಹತ್ತರಿಂದ ಹದಿನೆಂಟು ಕಿಲೋ ತೂಗಿದರೆ, ಹೆಣ್ಣು ಅದಕ್ಕಿಂತ ಹಗುರ. ನಮ್ಮ ಮನೆಯ ಬೆಕ್ಕು ನಾಲ್ಕೈದು ಕಿಲೋ ತೂಗುತ್ತದೆಂಬುದನ್ನು ನೆನೆದರೆ ಹೋಲಿಕೆ ಸುಲಭವಾಗುತ್ತದೆ. ಹೆಗಲಿನ ಬಳಿ ಅದರ ಎತ್ತರ ಸುಮಾರು 60 ಸೆಂಟಿಮೀಟರ್, ಅಂದರೆ ಎರಡು ಅಡಿ. ಇಷ್ಟು ಕಡಿಮೆ ತೂಕದ ಪ್ರಾಣಿಗೆ ಇಷ್ಟು ಎತ್ತರ ಹೇಗೆ ಬಂದಿತು? ಉತ್ತರ ಅದರ ಕಾಲುಗಳಲ್ಲಿದೆ. ದೇಹದ ಪ್ರಮಾಣಕ್ಕೆ ಹೋಲಿಸಿದರೆ ಬೆಕ್ಕಿನ ಇಡೀ ಕುಟುಂಬದಲ್ಲಿ ಇಷ್ಟು ಉದ್ದನೆಯ ಕಾಲುಗಳು ಬೇರಾವುದಕ್ಕೂ ಇಲ್ಲ. ಬೆಕ್ಕುಗಳೆಲ್ಲವೂ ನಡೆಯುವುದು ಬೆರಳುಗಳ ಮೇಲೆ. ನಮ್ಮ ಅಂಗಾಲು, ಅಂಗೈಗಳಲ್ಲಿರುವ ಮೂಳೆಗಳು ಅವುಗಳಲ್ಲಿ ನೆಲದಿಂದ ಮೇಲೆದ್ದು ಕಾಲಿನ ಭಾಗವೇ ಆಗಿಬಿಟ್ಟಿವೆ. ಸರ್ವಲ್‌ನಲ್ಲಿ ಈ ಪಾದದ ಮೂಳೆಗಳು ಅಸಾಧಾರಣವಾಗಿ ನೀಳವಾಗಿವೆ. ಹಾಗಾಗಿ ಅದು ಮರಗಾಲು ಕಟ್ಟಿಕೊಂಡು ನಡೆಯುವವರಂತೆ ಕಾಣುತ್ತದೆ. ಈ ಕಾಲುಗಳು ವೇಗಕ್ಕಾಗಿ ರೂಪುಗೊಂಡವಲ್ಲ, ಎತ್ತರಕ್ಕಾಗಿ. ಸೊಂಟದವರೆಗೆ ಬೆಳೆದ ಹುಲ್ಲಿನಲ್ಲಿ ತಲೆಯನ್ನು ಮೇಲಿಟ್ಟುಕೊಳ್ಳುವುದಕ್ಕೆ, ನೆಗೆಯುವುದಕ್ಕೆ, ಬಿಲದೊಳಗೆ ತೋಳು ತೂರಿಸುವುದಕ್ಕೆ ಅವು ಬೇಕು.

ಇನ್ನು ಕಿವಿಗಳು. ಸರ್ವಲ್‌ನ ಪುಟ್ಟ ತಲೆಯ ಮೇಲೆ ಆ ಎರಡು ಕಿವಿಗಳು ಬೇರೆ ಯಾವುದೋ ದೊಡ್ಡ ಪ್ರಾಣಿಯಿಂದ ಎರವಲು ತಂದು ಅಂಟಿಸಿದಂತಿವೆ. ದೇಹದ ಪ್ರಮಾಣಕ್ಕೆ ಹೋಲಿಸಿದರೆ ಕಾಲುಗಳಂತೆ ಕಿವಿಗಳ ವಿಷಯದಲ್ಲೂ ಬೆಕ್ಕುಗಳಲ್ಲಿ ಇದೇ ಮೊದಲು. ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರವಾಗಿ ನೆಟ್ಟಗೆ ನಿಂತಿರುವ ಈ ದುಂಡನೆಯ ಕಿವಿಗಳು ಪ್ರತ್ಯೇಕವಾಗಿ, ಬೇರೆ ಬೇರೆ ದಿಕ್ಕುಗಳಿಗೆ ತಿರುಗಬಲ್ಲವು. ಒಂದು ಮುಂದಿನ ಸದ್ದನ್ನು ಹಿಂಬಾಲಿಸುತ್ತಿದ್ದರೆ ಇನ್ನೊಂದು ಬೆನ್ನ ಹಿಂದಿನ ಅಪಾಯವನ್ನು ಕಾಯುತ್ತಿರುತ್ತದೆ. ಕಿವಿಯ ಹಿಂಭಾಗ ಕಡುಗಪ್ಪು, ನಡುವೆ ಅಡ್ಡಲಾಗಿ ಬಿಳಿಯ ಮಚ್ಚೆ. ಇಂಥದೇ ಬಿಳಿ ಮಚ್ಚೆಯನ್ನು ನಾವು ಹುಲಿಯ ಕಿವಿಯ ಹಿಂದೆಯೂ ಕಾಣುತ್ತೇವೆ. ಹುಲ್ಲಿನೊಳಗೆ ತಾಯಿಯ ಹಿಂದೆ ನಡೆಯುವ ಮರಿಗಳಿಗೆ ಇದು ದಾರಿದೀಪವೆಂದು ಕೆಲವರ ಅಭಿಪ್ರಾಯ. ಊಹೆಯೇ ಆದರೂ ಸೊಗಸಾದ ಊಹೆ.

ಎಲ್ಲ ಸರ್ವಲ್‌ಗಳೂ ಹೊಂಬಣ್ಣದವಲ್ಲ. ಕೆನ್ಯಾ ಮತ್ತು ಇಥಿಯೋಪಿಯಾದ ಎತ್ತರದ ಪ್ರದೇಶಗಳಲ್ಲಿ ಅಪ್ಪಟ ಕಪ್ಪು ಸರ್ವಲ್‌ಗಳು ಕಂಡುಬರುತ್ತವೆ. ಕಬಿನಿಯ ಕರಿಚಿರತೆಯನ್ನು ಚಿತ್ರಗಳಲ್ಲಿ ನೋಡಿರುವ ನಮ್ಮವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅದು ಬೇರೆ ಜಾತಿಯಲ್ಲ, ವರ್ಣದ್ರವ್ಯದ ಆಧಿಕ್ಯವಷ್ಟೆ. ಪಶ್ಚಿಮ ಆಫ್ರಿಕದ ಹೆಚ್ಚು ಮಳೆ ಬೀಳುವ ಭಾಗಗಳಲ್ಲಿ ಚುಕ್ಕೆಗಳು ಸಣ್ಣದಾಗಿ, ರಾಗಿ ಚೆಲ್ಲಿದಂತೆ ಮೈತುಂಬ ಹರಡಿರುವ ಸರ್ವಲ್‌ಗಳೂ ಇವೆ. ಹಿಂದೆ ವಿದ್ವಾಂಸರು ಇವನ್ನು ಬೇರೆಯೇ ಪ್ರಭೇದವೆಂದು ತಿಳಿದು ಪ್ರತ್ಯೇಕ ಹೆಸರನ್ನೂ ಕೊಟ್ಟಿದ್ದರು.

ಹೆಸರಿನ ವಿಷಯ ಬಂದುದರಿಂದ ಒಂದು ಕುತೂಹಲದ ಸಂಗತಿಯನ್ನು ಇಲ್ಲಿ ಹೇಳಬೇಕು. ಈ ಪ್ರಾಣಿಯನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವನು ಜರ್ಮನಿಯ ಶ್ರೇಬರ್, 1776ರಲ್ಲಿ. ಈಗ ಅದರ ಶಾಸ್ತ್ರೀಯ ನಾಮ ಲೆಪ್ಟೈಲ್ಯುರಸ್ ಸರ್ವಲ್. ಆದರೆ 'ಸರ್ವಲ್' ಎಂಬ ಮಾತು ಆಫ್ರಿಕದ್ದಲ್ಲ. ಪೋರ್ಚುಗೀಸ್ ಭಾಷೆಯಲ್ಲಿ 'ಲೋಬೋ ಸೆರ್ವಾಲ್' ಎಂದರೆ ಲಿಂಕ್ಸ್ ಎಂಬ ಕಾಡುಬೆಕ್ಕು. ಅಕ್ಷರಶಃ ಅರ್ಥ, ಜಿಂಕೆಗಳನ್ನು ಹಿಡಿಯುವ ತೋಳ. ಈ ಹೆಸರನ್ನು ಯುರೋಪಿನ ಪ್ರಾಣಿಶಾಸ್ತ್ರದಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಪ್ರಸಿದ್ಧ ನಿಸರ್ಗ ಲೇಖಕ ಬುಫೋನ್. ಅವನು ಅದನ್ನು ಎತ್ತಿಕೊಂಡದ್ದು ನಮ್ಮ ಪಶ್ಚಿಮ ಕರಾವಳಿಯ ವೃತ್ತಾಂತವೊಂದರಿಂದ! ಮಲಬಾರಿನ ಜನ 'ಮರಪುಟೆ' ಎಂದು ಕರೆಯುವ, ಮರಗಳ ಮೇಲೆ ವಾಸಿಸುವ ಚುಕ್ಕೆಯ ಬೆಕ್ಕೊಂದನ್ನು ಅಲ್ಲಿನ ಪೋರ್ಚುಗೀಸರು ಸರ್ವಲ್ ಎನ್ನುತ್ತಾರೆಂದು ಒಬ್ಬ ಪಾದ್ರಿ ಬರೆದಿದ್ದ. ಫ್ರಾನ್ಸಿನ ರಾಜನ ಮೃಗಶಾಲೆಯಲ್ಲಿದ್ದ ಪ್ರಾಣಿಯೂ ಅದೇ ಇರಬೇಕೆಂದು ಬುಫೋನ್ ಬಗೆದ. ಭಾರತದ ಯಾವ ಕಾಡಿನಲ್ಲೂ ಸರ್ವಲ್ ಇಲ್ಲ. ಅದು ಮರದ ಮೇಲೆ ವಾಸಿಸುವ ಪ್ರಾಣಿಯೂ ಅಲ್ಲ. ಹೀಗೆ ಮಲಬಾರಿನ ಯಾವುದೋ ಕಾಡುಬೆಕ್ಕಿಗೆ ಇಟ್ಟ ಹೆಸರು ಸಮುದ್ರ ದಾಟಿ ಆಫ್ರಿಕದ ಬೆಕ್ಕಿಗೆ ಶಾಶ್ವತವಾಗಿ ಅಂಟಿಕೊಂಡಿತು. ಇಟಲಿಯವರು ಇದನ್ನು 'ಗತ್ತೊಪಾರ್ದೊ' ಎನ್ನುತ್ತಾರೆ. ಸಾಹಿತ್ಯಪ್ರಿಯರಿಗೆ ಲಾಂಪೆದೂಸಾನ ಕಾದಂಬರಿಯ ನೆನಪಾಗಬಹುದು. 1958ರಲ್ಲಿ ಪ್ರಕಟವಾದ ಆ ಕೃತಿಯ ಮೂಲ ಹೆಸರು ಇದೇ ಪದ. ಇಂಗ್ಲಿಷಿಗೆ ಬರುವಾಗ ಅದು ಚಿರತೆಯಾಗಿಬಿಟ್ಟಿತು. ವಿಸ್ಕೊಂಟಿ 1963ರಲ್ಲಿ ತೆಗೆದ ಚಲನಚಿತ್ರವೂ ಇಂಗ್ಲಿಷಿನಲ್ಲಿ ಅದೇ ಚಿರತೆಯ ಹೆಸರಿನಿಂದ ಪ್ರಸಿದ್ಧವಾಯಿತು.

ಭಾರತದಲ್ಲಿ ಸರ್ವಲ್ ಇಲ್ಲವಾದರೂ ಅದರ ಹತ್ತಿರದ ನಂಟನೊಬ್ಬ ನಮ್ಮಲ್ಲಿದ್ದಾನೆ. ಕಚ್ಛ್ ಮತ್ತು ರಾಜಸ್ಥಾನದ ಒಣ ಕುರುಚಲು ಕಾಡುಗಳಲ್ಲಿ ಈಗಲೂ ಅಳಿದುಳಿದಿರುವ ಕಾರಕಲ್, ಉತ್ತರ ಭಾರತದವರು ಸಿಯಾಗೋಶ್ ಎನ್ನುವ ಬೆಕ್ಕು. ಮೊದಲ ಹೆಸರು ತುರ್ಕಿ, ಎರಡನೆಯದು ಪಾರಸಿ. ಎರಡರ ಅರ್ಥವೂ ಕರಿಕಿವಿ ಎಂದೇ. ಸರ್ವಲ್, ಕಾರಕಲ್ ಮತ್ತು ಆಫ್ರಿಕದ ಹೊಂಬೆಕ್ಕು, ಈ ಮೂರು ಒಂದೇ ಶಾಖೆಗೆ ಸೇರಿದವು. ಇವುಗಳ ಪೂರ್ವಜರು ಸುಮಾರು 85 ಲಕ್ಷ ವರ್ಷಗಳ ಹಿಂದೆ ಏಷ್ಯಾದಿಂದ ಆಫ್ರಿಕಕ್ಕೆ ವಲಸೆ ಹೋದವೆಂದು ವಂಶವಾಹಿಗಳ ಅಧ್ಯಯನಗಳು ಸೂಚಿಸುತ್ತವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ನಾವೇ ಮೊದಲಿಗರೇನಲ್ಲ.

ಸರ್ವಲ್‌ನ ನೆಲೆ ಯಾವುದು? ಒಂದೇ ಮಾತಿನಲ್ಲಿ ಹೇಳುವುದಾದರೆ, ನೀರಿರುವ ಹುಲ್ಲುಗಾವಲು. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದ ಬಹುಭಾಗದಲ್ಲಿ ಅದು ಹರಡಿಕೊಂಡಿದೆ. ಕಾಂಗೋದ ದಟ್ಟ ಮಳೆಕಾಡು ಮತ್ತು ತೀರ ಒಣಗಿದ ಮರಳುಗಾಡುಗಳು ಮಾತ್ರ ಅದಕ್ಕೆ ಒಗ್ಗುವುದಿಲ್ಲ. ಕಿಲಿಮಾಂಜಾರೋ ಪರ್ವತದಲ್ಲಿ 3,800 ಮೀಟರ್ ಎತ್ತರದಲ್ಲಿಯೂ ಅದನ್ನು ಕಂಡವರಿದ್ದಾರೆ. ಆದರೆ ನಕ್ಷೆಯಲ್ಲಿ ಬಣ್ಣ ಬಳಿದಷ್ಟು ಸಲೀಸಾಗಿ ಅದು ಎಲ್ಲೆಂದರಲ್ಲಿ ಇರುವುದಿಲ್ಲ. ಆ ವಿಶಾಲ ಭೂಪ್ರದೇಶದೊಳಗೆ ನದಿಯ ಇಕ್ಕೆಲ, ಜೌಗುನೆಲ, ಜೊಂಡು ಬೆಳೆದ ಕೆರೆಯಂಚು, ಮಳೆನೀರು ನಿಂತು ಇಂಗುವ ತಗ್ಗು - ಇಂಥ ತುಣುಕುಗಳನ್ನು ಹುಡುಕಿ ಅದು ನೆಲೆಸುತ್ತದೆ. ಕಾರಣ ಸರಳ. ಅಲ್ಲಿ ಹುಲ್ಲು ಎತ್ತರವಾಗಿ, ದಟ್ಟವಾಗಿ ಬೆಳೆಯುತ್ತದೆ. ಹುಲ್ಲಿದ್ದಲ್ಲಿ ಇಲಿಗಳಿರುತ್ತವೆ. ದಕ್ಷಿಣ ಆಫ್ರಿಕದಲ್ಲಿ ಇಂಥ ಜೌಗು ತಗ್ಗನ್ನು 'ಫ್ಲೇ' ಎನ್ನುತ್ತಾರೆ. ಅಲ್ಲಿನ ಫ್ಲೇ ಇಲಿಯೇ ಸರ್ವಲ್‌ನ ನಿತ್ಯದ ಅನ್ನ. ನಮ್ಮ ನಾಡಿನಲ್ಲಿ ಕಬ್ಬಿನ ಗದ್ದೆಗಳಲ್ಲೂ ಕೆರೆಯಂಚಿನ ಜೊಂಡಿನಲ್ಲೂ ಇಲಿ ಹಿಡಿದು ಬದುಕುವ, ನೀಳಗಾಲಿನ ಸಾಮಾನ್ಯ ಕಾಡುಬೆಕ್ಕು ನಡೆಸುವ ಸಂಸಾರವೂ ಹೆಚ್ಚುಕಡಿಮೆ ಇದೇ ಬಗೆಯದು.

ಸರ್ವಲ್‌ನ ಬದುಕಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ತಾಂಜಾನಿಯಾದ ಗೊರೊಂಗೊರೊ ಕುಳಿಯಿಂದ ಬಂದದ್ದು. ಪುರಾತನ ಜ್ವಾಲಾಮುಖಿ ಕುಸಿದು ಉಂಟಾದ, ಸುಮಾರು 260 ಚದರ ಕಿಲೋಮೀಟರ್ ವಿಸ್ತಾರದ ಆ ಬೋಗುಣಿಯಲ್ಲಿ ಆಡ್ಯೆ ಗೇರ್ಟ್ಸೆಮಾ ಎಂಬ ಡಚ್ ಸಂಶೋಧಕರು ಸರ್ವಲ್‌ಗಳ ಹಿಂದೆ ವರ್ಷಗಟ್ಟಲೆ ಅಲೆದು, ತಮ್ಮ ಅವಲೋಕನಗಳನ್ನು 1985ರಲ್ಲಿ ಪ್ರಕಟಿಸಿದರು. ಸಿಂಹವನ್ನು ನೋಡಲು ಜಗತ್ತೇ ಹೋಗುವ ಜಾಗದಲ್ಲಿ ಇಲಿ ಹಿಡಿಯುವ ಬೆಕ್ಕನ್ನು ನೋಡುತ್ತ ಕುಳಿತುಕೊಳ್ಳಲು ಎಂಥ ತಾಳ್ಮೆ ಬೇಕು!

ಸರ್ವಲ್ ಬೇಟೆಯಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಂಜಾನೆ ಅಥವಾ ಸಂಜೆಯ ಹೊತ್ತು ಅದು ಹುಲ್ಲಿನೊಳಗೆ ನಿಧಾನವಾಗಿ, ಅವಸರವಿಲ್ಲದೆ ನಡೆಯುತ್ತದೆ. ಕಣ್ಣುಗಳು ಚೆನ್ನಾಗಿಯೇ ಇವೆ. ಆದರೆ ತಲೆಯ ಮಟ್ಟಕ್ಕೆ ಹುಲ್ಲು ಬೆಳೆದಿರುವಾಗ ಕಣ್ಣಿನಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಇದ್ದಕ್ಕಿದ್ದಂತೆ ಅದು ನಿಲ್ಲುತ್ತದೆ. ಕೆಲವೊಮ್ಮೆ ಕುಳಿತುಕೊಳ್ಳುತ್ತದೆ. ಕಿವಿಗಳೆರಡೂ ಮುಂದಕ್ಕೆ ಬಾಗುತ್ತವೆ. ಕಣ್ಣುಗಳನ್ನು ಅರೆಮುಚ್ಚಿ, ಎಷ್ಟೋ ವೇಳೆ ಪೂರ್ತಿ ಮುಚ್ಚಿ, ಆಲಿಸುತ್ತದೆ. ಹೀಗೆ ಕಾಲು ಗಂಟೆಯವರೆಗೂ ಅಲುಗದೆ ಕುಳಿತಿರುವುದುಂಟು. ನೋಡುವವರಿಗೆ ನಿದ್ರಿಸುತ್ತಿರುವಂತೆ ತೋರಿದರೆ ಆಶ್ಚರ್ಯವಿಲ್ಲ. ಸಂಗೀತ ಕಚೇರಿಯಲ್ಲಿ ಕಣ್ಣುಮುಚ್ಚಿ ಕುಳಿತ ಹಿರಿಯರನ್ನು ನಾವು ನೋಡಿಲ್ಲವೆ? ಅವರಲ್ಲಿ ಕೆಲವರು ನಿಜಕ್ಕೂ ಕೇಳುತ್ತಿರುತ್ತಾರೆ.

ಅದು ಆಲಿಸುತ್ತಿರುವುದು ಹುಲ್ಲಿನ ಬುಡದಲ್ಲಿ ಇಲಿ ಕಾಳು ಕಡಿಯುವ, ಒಣ ಎಲೆಯ ಮೇಲೆ ಹರಿದಾಡುವ, ಮರಿಗಳೊಡನೆ ಕೀರಲು ದನಿಯಲ್ಲಿ ಮಾತಾಡುವ ಸದ್ದುಗಳನ್ನು. ಇಲಿಗಳ ಎಷ್ಟೋ ಕರೆಗಳು ಮನುಷ್ಯನ ಕಿವಿಗೆ ನಿಲುಕದಷ್ಟು ಉಚ್ಚ ಸ್ಥಾಯಿಯವು. ಸದ್ದಿನ ದಿಕ್ಕು ಮತ್ತು ದೂರ ಖಚಿತವಾದೊಡನೆ ಸರ್ವಲ್ ಮೈಯನ್ನು ಕುಗ್ಗಿಸಿ, ಮೆಲ್ಲನೆ ಕೆಲವು ಹೆಜ್ಜೆ ಮುಂದಿಟ್ಟು, ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮುತ್ತದೆ. ನಾಲ್ಕು ಕಾಲುಗಳೂ ಒಟ್ಟಿಗೆ ನೆಲ ಬಿಡುತ್ತವೆ. ಹುಲ್ಲಿನ ಮೇಲೆ ಕಮಾನಿನಂತೆ ಹಾರಿ, ಮೂರು ನಾಲ್ಕು ಮೀಟರ್ ಆಚೆ, ಮುಂಗಾಲುಗಳೆರಡನ್ನೂ ಜೋಡಿಸಿ, ಕಣ್ಣಿಗೆ ಕಾಣದ ಆ ಒಂದು ಬಿಂದುವಿನ ಮೇಲೆ ಇಳಿಯುತ್ತದೆ. ಆ ಪೆಟ್ಟಿಗೇ ಇಲಿಗೆ ಪ್ರಜ್ಞೆ ತಪ್ಪುತ್ತದೆ. ಮರುಕ್ಷಣ ಕತ್ತಿಗೆ ಬಾಯಿ. ಗುರಿ ತಪ್ಪಿದರೆ ಕಾಲುಗಳನ್ನು ಬಿಗಿಹಿಡಿದು ಅಲ್ಲಲ್ಲೇ ಕುಪ್ಪಳಿಸಿ ಇನ್ನೊಂದೆರಡು ಪ್ರಯತ್ನ ಮಾಡುವುದುಂಟು. ಆದರೆ ದೂರದವರೆಗೆ ಅಟ್ಟಿಸಿಕೊಂಡು ಹೋಗುವುದು ಅದರ ಸ್ವಭಾವವಲ್ಲ.

ಮೇಲಕ್ಕೆ ನೆಗೆದು ಇಳಿಯುವ ಈ ಉಪಾಯದ ಲಾಭ ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಹುಲ್ಲನ್ನು ಸೀಳಿಕೊಂಡು ನೇರವಾಗಿ ಓಡಿದರೆ ಸರಸರ ಸದ್ದಾಗಿ ಇಲಿ ಬಿಲ ಸೇರುತ್ತದೆ. ಗಾಳಿಯಲ್ಲಿ ಹಾರಿ ಬಂದವನ ಸದ್ದು ಇಲಿಗೆ ತಲುಪುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಕಿವಿಯನ್ನೇ ನೆಚ್ಚಿದ ಈ ಬೇಟೆಗೆ ಒಂದು ದೌರ್ಬಲ್ಯವೂ ಇದೆ. ಗಾಳಿ ಬೀಸಿ ಹುಲ್ಲೆಲ್ಲ ಸುಯ್ಗುಡುವಾಗ ಇಲಿಯ ಸದ್ದು ಅದರಲ್ಲಿ ಕರಗಿಹೋಗುತ್ತದೆ. ಅಂಥ ಹೊತ್ತಿನಲ್ಲಿ ಸರ್ವಲ್ ಬೇಟೆಯನ್ನು ಕೈಬಿಟ್ಟು ಸುಮ್ಮನಿದ್ದುಬಿಡುತ್ತದೆ.

ಬೇರೆ ಬೇರೆ ಬಗೆಯ ಆಹಾರಕ್ಕೆ ಅದರಲ್ಲಿ ಬೇರೆ ಬೇರೆ ವಿದ್ಯೆಗಳಿವೆ. ಬಿಲದೊಳಗಿನ ಇಲಿಯಾದರೆ ಉದ್ದನೆಯ ಮುಂಗಾಲನ್ನು ಹೆಗಲವರೆಗೂ ತೂರಿಸಿ, ಬಾಗಿದ ಉಗುರಿನಿಂದ ಕೊಕ್ಕೆ ಹಾಕಿ ಎಳೆದು ಹೊರಗೆ ಎಸೆಯುತ್ತದೆ. ಸದಾ ಮಣ್ಣಿನೊಳಗೆ ಸುರಂಗ ತೋಡಿ ಬದುಕುವ ಮೋಲ್ ರ‍್ಯಾಟ್ ಎಂಬ ಇಲಿಗಳು ಹೊರಗೆ ಬರುವುದೇ ಅಪರೂಪ. ಅವುಗಳಿಗೆ ಸರ್ವಲ್ ಹೂಡುವ ತಂತ್ರ ಬಹಳ ಜಾಣತನದ್ದು. ಸುರಂಗದ ಒಂದು ಕಡೆ ಮಣ್ಣು ಕೆದರಿ ತೂತು ಮಾಡುತ್ತದೆ. ಅನಂತರ ಒಂದು ಮುಂಗಾಲನ್ನು ಎತ್ತಿ ಹಿಡಿದು ಕಾಯುತ್ತದೆ. ಮನೆಯ ಗೋಡೆ ಒಡೆದದ್ದನ್ನು ದುರಸ್ತಿ ಮಾಡಲೆಂದು ಆ ಇಲಿ ತಾನಾಗಿಯೇ ತೂತಿನ ಬಳಿ ಬರುತ್ತದೆ, ಸಿಕ್ಕಿಬೀಳುತ್ತದೆ. ಹಾರುವ ಹಕ್ಕಿಯಾದರೆ ನೆಲದಿಂದ ಎರಡು ಮೀಟರಿಗೂ ಮೇಲಕ್ಕೆ ನೆಟ್ಟಗೆ ಚಿಮ್ಮಿ, ಚಪ್ಪಾಳೆ ತಟ್ಟುವಂತೆ ಎರಡೂ ಮುಂಗಾಲುಗಳಿಂದ ಹಿಡಿಯುತ್ತದೆ. ಹಾವಾದರೆ ಆತುರವಿಲ್ಲ. ದೂರ ಕಾಯ್ದುಕೊಂಡು, ಪಕ್ಕಕ್ಕೆ ಸರಿಯುತ್ತ, ಉದ್ದನೆಯ ಕಾಲಿನಿಂದ ತಲೆಯ ಮೇಲೆ ಮತ್ತೆ ಮತ್ತೆ ಹೊಡೆದು ಅದು ಸೋತ ಮೇಲಷ್ಟೆ ಬಾಯಿ ಹಾಕುತ್ತದೆ. ಜೌಗಿನಲ್ಲಿ ಕಪ್ಪೆಗಳನ್ನು ಹಿಡಿಯಲು ನೀರಿಗಿಳಿಯುವುದಕ್ಕೂ ಅದು ಹಿಂಜರಿಯುವುದಿಲ್ಲ. ತಿನ್ನುವಾಗ ಸಣ್ಣ ಇಲಿಯನ್ನು ಇಡಿಯಾಗಿ ನುಂಗಿದರೂ, ದೊಡ್ಡ ಹಕ್ಕಿ ಸಿಕ್ಕರೆ ಕುಳಿತು ಪುಕ್ಕಗಳನ್ನು ಕಿತ್ತು ಹಾಕುತ್ತದೆ.

ಇಷ್ಟೆಲ್ಲ ಕಸರತ್ತಿನ ಫಲವೇನು? ಗೊರೊಂಗೊರೊದ ಲೆಕ್ಕದಂತೆ ಸರ್ವಲ್‌ನ ನೆಗೆತಗಳಲ್ಲಿ ಸುಮಾರು ಅರ್ಧದಷ್ಟು ಸಫಲವಾಗುತ್ತವೆ. ಮರಿಗಳಿರುವ ತಾಯಿಯ ಸಾಫಲ್ಯ ಇದಕ್ಕಿಂತಲೂ ಹೆಚ್ಚು. ಸಿಂಹದ ವಿಷಯದಲ್ಲಿ ನಾಲ್ಕು ಪ್ರಯತ್ನಗಳಲ್ಲಿ ಒಂದು ಫಲಿಸಿದರೆ ಅದೇ ಒಳ್ಳೆಯ ದಿನ. ಬ್ಯಾಂಕಿನಲ್ಲಿ ಸಾಲ ವಸೂಲಾತಿಯ ಮೇಜಿನ ಮುಂದೆ ಕುಳಿತವರಿಗೆ ಎರಡಕ್ಕೆ ಒಂದು ಎಂದರೆ ಎಂಥ ಸಾಧನೆಯೆಂಬುದು ಚೆನ್ನಾಗಿ ಗೊತ್ತು. ಬೇಟೆಯ ಗಾತ್ರ ಸಣ್ಣದು ನಿಜ. ಅದರ ಆಹಾರದಲ್ಲಿ ಬಹುಪಾಲು 200 ಗ್ರಾಮಿಗಿಂತ ಕಡಿಮೆ ತೂಗುವ ಜೀವಿಗಳೇ. ಆದರೆ ಹನಿಗೂಡಿದರೆ ಹಳ್ಳ. ಒಂದು ಸರ್ವಲ್ ವರ್ಷವೊಂದರಲ್ಲಿ ಸುಮಾರು ನಾಲ್ಕು ಸಾವಿರ ಇಲಿ ಹೆಗ್ಗಣಗಳನ್ನು ಹಿಡಿಯಬಲ್ಲದೆಂದು ಅದೇ ಅಧ್ಯಯನ ಅಂದಾಜು ಮಾಡಿದೆ. ರೈತನ ದೃಷ್ಟಿಯಿಂದ ಇದು ಎಂಥ ಉಪಕಾರವೆಂದು ಬಿಡಿಸಿ ಹೇಳಬೇಕಿಲ್ಲ. ಸರ್ವಲ್ ದನ ಕರುಗಳ ಗೊಡವೆಗೆ ಹೋಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕೋಳಿಯೊಂದನ್ನು ಒಯ್ದೀತು. ಆ ಒಂದು ಕೋಳಿಗಾಗಿ ಅದನ್ನು ಕೊಲ್ಲುವ ಊರುಗಳು ಆಫ್ರಿಕದಲ್ಲಿ ಸಾಕಷ್ಟಿವೆ. ನಾಲ್ಕು ಸಾವಿರ ಇಲಿಗಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಸಂಸಾರದ ವಿಷಯ ಸಂಕ್ಷಿಪ್ತವಾಗಿ. ಸರ್ವಲ್ ಒಂಟಿಜೀವಿ. ತನ್ನ ಎಲ್ಲೆಯ ಹುಲ್ಲಿಗೂ ಪೊದೆಗೂ ಮೂತ್ರ ಸಿಂಪಡಿಸಿ ಗುರುತು ಮಾಡಿಕೊಳ್ಳುತ್ತದೆ. ಗರ್ಭಕಾಲ ಹತ್ತು ವಾರಗಳ ಆಸುಪಾಸು. ಸಾಮಾನ್ಯವಾಗಿ ಎರಡು ಮೂರು ಮರಿಗಳು, ಹುಟ್ಟಿದಾಗ ಕಾಲು ಕಿಲೋ ತೂಕ. ದಟ್ಟ ಹುಲ್ಲಿನಲ್ಲೋ ಮುಳ್ಳುಹಂದಿ ಬಿಟ್ಟುಹೋದ ಗುಹೆಯಲ್ಲೋ ಅವುಗಳನ್ನು ಅಡಗಿಸಿಟ್ಟು ತಾಯಿ ಒಬ್ಬಳೇ ಸಾಕುತ್ತಾಳೆ. ಗಂಡಿನ ಪಾತ್ರ ಶೂನ್ಯ. ಆ ತಿಂಗಳುಗಳಲ್ಲಿ ತಾಯಿಗೆ ವಿಶ್ರಾಂತಿ ಬಹಳ ಕಡಿಮೆ, ಬೇಟೆಯ ಹೊತ್ತು ಬಹಳ ಹೆಚ್ಚು. ಚಿರತೆ, ಕತ್ತೆಕಿರುಬ, ಕಾಡುನಾಯಿಗಳ ಭಯ ಸದಾ ಇದ್ದದ್ದೇ. ಸುಮಾರು ಒಂದು ವರ್ಷದ ಹೊತ್ತಿಗೆ ಮರಿಗಳು ತಮ್ಮ ದಾರಿ ಹಿಡಿಯುತ್ತವೆ.

ಸರ್ವಲ್‌ಗಳು ಅತ್ಯಂತ ದಟ್ಟವಾಗಿರುವುದು ಎಲ್ಲಿ ಎಂದು ಕೇಳಿದರೆ ಯಾರಾದರೂ ಸೆರೆಂಗೆಟಿಯನ್ನೋ ಕೆನ್ಯಾದ ಮಸಾಯಿ ಮಾರಾವನ್ನೋ ಹೆಸರಿಸುತ್ತಾರೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಟ್ಟ ಉತ್ತರ ಎಲ್ಲರನ್ನೂ ಬೆರಗುಗೊಳಿಸಿತು. ದಕ್ಷಿಣ ಆಫ್ರಿಕದ ಸೆಕುಂಡಾ ಎಂಬ ಕೈಗಾರಿಕಾ ಪಟ್ಟಣದಲ್ಲಿ, ಕಲ್ಲಿದ್ದಲಿನಿಂದ ದ್ರವ ಇಂಧನ ತಯಾರಿಸುವ ಬೃಹತ್ ಕಾರ್ಖಾನೆಯ ಬೇಲಿಯೊಳಗೆ ಅವು ವಾಸಿಸುತ್ತಿದ್ದವು! 100 ಚದರ ಕಿಲೋಮೀಟರಿಗೆ 76ರಿಂದ 101 ಸರ್ವಲ್‌ಗಳ ಸಾಂದ್ರತೆ ಅಲ್ಲಿ ಕಂಡುಬಂದಿತು. ಅದುವರೆಗೆ ಎಲ್ಲಿಯೂ ಇಷ್ಟು ದಾಖಲಾಗಿರಲಿಲ್ಲ. ಜಾಂಬಿಯಾದ ಲುವಾಂಬೆ ರಾಷ್ಟ್ರೀಯ ಉದ್ಯಾನದಲ್ಲಿ ಸಿಕ್ಕ ಸಂಖ್ಯೆ ಅಷ್ಟೇ ವಿಸ್ತೀರ್ಣಕ್ಕೆ ಹತ್ತು. ಹೊಗೆ ಉಗುಳುವ ಕೊಳವೆಗಳ ನೆರಳಿನಲ್ಲಿ ಬೆಕ್ಕುಗಳಿಗೆ ಏನು ಸುಖ? ಕಾರ್ಖಾನೆಯ ಆವರಣದಲ್ಲಿ ಜೌಗು ನೆಲವಿದೆ, ದನ ಮೇಯದ ಹುಲ್ಲಿದೆ, ಹುಲ್ಲಿನಲ್ಲಿ ಇಲಿಗಳ ಸಮೃದ್ಧಿಯಿದೆ. ಸರ್ವಲ್‌ಗೆ ಪ್ರತಿಸ್ಪರ್ಧಿಗಳಾದ ದೊಡ್ಡ ಬೇಟೆಗಾರ ಪ್ರಾಣಿಗಳಿಲ್ಲ. ಮುಖ್ಯವಾಗಿ, ಬೇಲಿಯಿಂದಾಗಿ ಬಂದೂಕು ಹಿಡಿದವರೂ ಬೇಟೆನಾಯಿಗಳೂ ಒಳಗೆ ಬರುವಂತಿಲ್ಲ. ಮುಂಬಯಿಯ ಬೊರಿವಲಿ, ಠಾಣೆಗಳಲ್ಲಿ ಮನೆ ಮಾಡಿರುವ ನಮಗೆ ಇದು ತೀರ ನಂಬಲಾಗದ ಸುದ್ದಿಯೇನಲ್ಲ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ನಮ್ಮ ಕಟ್ಟಡಗಳ ಕಾಂಪೌಂಡಿನ ಪಕ್ಕದಲ್ಲೇ ಸಂಸಾರ ಹೂಡಿವೆಯಷ್ಟೆ.

ಇಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಒಂದು ಸಂಗತಿಯಿದೆ. ಸೆಕುಂಡಾದಲ್ಲಿ ಸರ್ವಲ್‌ಗಳನ್ನು ಎಣಿಸಿದ್ದು ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ನೆಟ್ಟು. ಮನುಷ್ಯರ ಬೆರಳಚ್ಚಿನಂತೆ ಒಂದು ಸರ್ವಲ್‌ನ ಚುಕ್ಕೆಗಳ ವಿನ್ಯಾಸ ಇನ್ನೊಂದರದ್ದರಂತೆ ಇರುವುದಿಲ್ಲ. ಅದೇ ಪ್ರಾಣಿ ಎಷ್ಟು ಸಲ, ಎಲ್ಲೆಲ್ಲಿ ಸೆರೆಸಿಕ್ಕಿತೆಂಬುದರಿಂದ, ಚಿತ್ರದಲ್ಲಿ ಸಿಗದೆ ಉಳಿದವುಗಳ ಸಂಖ್ಯೆಯನ್ನೂ ಗಣಿತದ ಮೂಲಕ ಅಂದಾಜು ಮಾಡಲಾಗುತ್ತದೆ. ಪಟ್ಟೆ ಚುಕ್ಕೆಗಳುಳ್ಳ ಮೃಗಗಳನ್ನು ಹೀಗೆ ಎಣಿಸುವ ಕ್ರಮವನ್ನು ನಾಗರಹೊಳೆಯ ಹುಲಿಗಳ ಮೇಲೆ ಪ್ರಯೋಗಿಸಿ 1995ರಲ್ಲಿ ಜಗತ್ತಿನ ಮುಂದಿಟ್ಟವರು ನಮ್ಮ ಕೆ. ಉಲ್ಲಾಸ ಕಾರಂತರು. ಇಂದು ಅದರ ಪರಿಷ್ಕೃತ ರೂಪಗಳು ಎಲ್ಲ ಖಂಡಗಳಲ್ಲೂ ಬಳಕೆಯಲ್ಲಿವೆ.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಸರ್ವಲ್ ಸದ್ಯಕ್ಕೆ ಹೆಚ್ಚಿನ ಅಪಾಯವಿಲ್ಲದ ಪ್ರಾಣಿ. ಇದನ್ನು ಓದಿ ನಿಶ್ಚಿಂತರಾಗುವಂತಿಲ್ಲ. ಸಹಾರಾದ ಉತ್ತರಕ್ಕಿದ್ದ ಸರ್ವಲ್‌ಗಳು ಬಹುಮಟ್ಟಿಗೆ ಅಳಿದುಹೋಗಿ, ಟ್ಯುನೀಷಿಯಾದ ಫೈಜಾ ಉದ್ಯಾನದಲ್ಲಿ ಬೇರೆ ಕಡೆಯಿಂದ ತಂದು ಬಿಡಬೇಕಾಯಿತು. ದಕ್ಷಿಣದ ಕೇಪ್ ತೀರದಿಂದ ಅದು ಬಹು ಹಿಂದೆಯೇ ಕಣ್ಮರೆಯಾಯಿತು. ಜೌಗುನೆಲಗಳನ್ನು ಬಸಿದು ಹೊಲ ಮಾಡುವುದು, ಹುಲ್ಲಿಗೆ ವರ್ಷವರ್ಷವೂ ಬೆಂಕಿಯಿಡುವುದು, ಅತಿಯಾದ ಮೇವು - ಈ ಮೂರೂ ಸೇರಿದರೆ ಇಲಿಯೂ ಇಲ್ಲ, ಸರ್ವಲ್ಲೂ ಇಲ್ಲ. ಅದರ ಚರ್ಮವನ್ನು ಚಿರತೆಮರಿಯದೆಂದೋ ಚೀತಾದ್ದೆಂದೋ ಹೇಳಿ ಮಾರುವ ದಂಧೆಯೂ ಪಶ್ಚಿಮ ಆಫ್ರಿಕದಲ್ಲಿ ನಿಂತಿಲ್ಲ.

ಈ ಲೇಖನ ಬರೆಯುವುದಕ್ಕೆ ಮುಖ್ಯ ಪ್ರೇರಣೆ ಇನ್ನೊಂದು ಬಗೆಯ ದಂಧೆ. ನಮ್ಮ ಮನೆಗಳ ಮಕ್ಕಳು ಮೊಬೈಲಿನಲ್ಲಿ ನೋಡುವ ಚಿತ್ರಗಳಲ್ಲಿ ಸರ್ವಲ್ ಈಗ ಸೋಫಾದ ಮೇಲೆ ಮಲಗಿರುತ್ತದೆ, ಸ್ನಾನದ ತೊಟ್ಟಿಯಲ್ಲಿ ಆಡುತ್ತಿರುತ್ತದೆ. 1986ರಲ್ಲಿ ಅಮೆರಿಕದಲ್ಲಿ ಸಾಕುಬೆಕ್ಕಿಗೂ ಸರ್ವಲ್‌ಗೂ ಹುಟ್ಟಿದ ಮಿಶ್ರತಳಿಯ ಮರಿಯಿಂದ ಸವಾನಾ ಎಂಬ ಹೊಸ ಬೆಕ್ಕಿನ ಜಾತಿಯೇ ಬಳಕೆಗೆ ಬಂದಿತು. ತನ್ನ ನೆಲದ ಸಣ್ಣ ಪ್ರಾಣಿಗಳ ಗತಿ ಏನಾದೀತೆಂದು ಹೆದರಿ ಆಸ್ಟ್ರೇಲಿಯಾ 2008ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ಮಿಶ್ರತಳಿಯ ಮಾತಿರಲಿ, ಅಪ್ಪಟ ಸರ್ವಲ್ಲನ್ನೇ ಸಾಕುವವರೂ ಇದ್ದಾರೆ. 2022ರ ಜನವರಿಯಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಕಾರಿನಿಂದ ತಪ್ಪಿಸಿಕೊಂಡ ಸರ್ವಲ್ ಒಂದು ಮರವೇರಿ ಕುಳಿತಿತು. ಇಳಿಸುವಾಗ ಅದರ ಕಾಲು ಮುರಿಯಿತು. ರಕ್ಷಿಸಿದವರು ಪರೀಕ್ಷೆ ಮಾಡಿಸಿದಾಗ ಅದರ ದೇಹದಲ್ಲಿ ಕೊಕೇನ್ ಪತ್ತೆಯಾಯಿತು. ಕಡೆಗೆ ಆ ಅಮಿರಿ ಎಂಬ ಬೆಕ್ಕಿಗೆ ನಗರದ ಮೃಗಾಲಯದಲ್ಲಿ ಆಶ್ರಯ ದೊರೆಯಿತು.

ಮರಿಯಾಗಿದ್ದಾಗ ಸರ್ವಲ್ ಬಹಳ ಮುದ್ದು. ದೊಡ್ಡದಾದ ಮೇಲೆ ಅದು ಗೋಡೆಗೂ ಪರದೆಗೂ ಹಾಸಿಗೆಗೂ ಮೂತ್ರ ಸಿಂಪಡಿಸಿ ತನ್ನ ಎಲ್ಲೆ ಗುರುತಿಸುತ್ತದೆ. ಅದು ಹಟವಲ್ಲ, ಅದರ ಧರ್ಮ. ನಿಂತಲ್ಲಿಂದಲೇ ಕಪಾಟಿನ ನೆತ್ತಿಗೆ ನೆಗೆಯಬಲ್ಲ, ಕಿಲೋಮೀಟರುಗಟ್ಟಲೆ ಹುಲ್ಲಿನಲ್ಲಿ ಅಲೆಯಬೇಕಾದ ಪ್ರಾಣಿಗೆ ಎರಡು ಬೆಡ್‌ರೂಮಿನ ಫ್ಲಾಟ್ ಸಾಕಾಗುವುದೆಂತು? ಸೆರೆಯಲ್ಲಿ ಅದರ ಆಯುಸ್ಸು ಇಪ್ಪತ್ತು ವರ್ಷಗಳವರೆಗೂ ಹೋಗಬಹುದು. ಗೃಹಸಾಲದ ಕಂತಿನಷ್ಟೇ ದೀರ್ಘವಾದ ಜವಾಬ್ದಾರಿಯದು. ಕಿವಿಯಿಂದಲೇ ಜಗತ್ತನ್ನು ಅರಿಯುವ ಜೀವಿಗೆ ನಮ್ಮ ಮಿಕ್ಸರ್, ಟಿ.ವಿ., ದೀಪಾವಳಿಯ ಪಟಾಕಿಗಳ ನಡುವೆ ಬದುಕುವುದು ಎಂಥ ಶಿಕ್ಷೆಯೆಂದು ಊಹಿಸಿದರೆ ಸಾಕು.

ಕಾನೂನಿನ ಸ್ಥಿತಿಯನ್ನೂ ತಿಳಿದಿರುವುದು ಒಳ್ಳೆಯದು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಸರ್ವಲ್ ಸೇರಿದೆ. ಅಂಥ ವಿದೇಶೀ ಪ್ರಾಣಿಗಳ ಬಗ್ಗೆ ನಮ್ಮಲ್ಲಿ ಬಹುಕಾಲ ಸ್ಪಷ್ಟ ನಿಯಮಗಳಿರಲಿಲ್ಲ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಬಂದ ತಿದ್ದುಪಡಿ ಆ ಕೊರತೆಯನ್ನು ತುಂಬಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಹೊರಬಿದ್ದ ನಿಯಮಗಳ ಪ್ರಕಾರ, ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್' ಜಾಲತಾಣದ ಮೂಲಕ ನೋಂದಾಯಿಸಬೇಕು. ಕೊಂಡರೂ ಮಾರಿದರೂ, ಮರಿ ಹುಟ್ಟಿದರೂ, ಸತ್ತರೂ ತಿಳಿಸಬೇಕು. ದಾಖಲೆಯಿಲ್ಲದೆ ಯಾರಾದರೂ ಮಾರಲು ಬಂದರೆ ಆ ಮರಿ ಎಲ್ಲಿಂದ, ಹೇಗೆ ಬಂದಿತೆಂದು ಕೇಳಿ, ನಗರದ ಅರಣ್ಯ ಇಲಾಖೆಯ ಕಚೇರಿಗೆ ವಿಷಯ ಮುಟ್ಟಿಸಬಹುದು.